ಶಾಂತಾ ಕಾಯುತ್ತಿದ್ದ ಬಾಗಿಲು ಮತ್ತು ನನ್ನ ಮೂರು ಅರ್ಜಿಗಳು

ನಾನು ಬರೆದ ಅರ್ಜಿಯನ್ನು ತಿರಸ್ಕರಿಸುವ ಕಚೇರಿಯನ್ನು ಸರ್ಕಾರ ಇನ್ನೂ ತೆರೆದಿಲ್ಲ! ಇದು ನನ್ನ ಮಾತಲ್ಲ, ಕೊಪ್ಪಳದ ಜನರ ಮಾತು. ಜನ ಹಾಗೆ ಹೇಳುತ್ತಿದ್ದರು ಎಂದರೆ ಹೆಚ್ಚು ಸರಿ. ಇಪ್ಪತ್ತೆರಡು ವರ್ಷಗಳಿಂದ ಬೇವಿನ ಗಿಡದ ಕೆಳಗೆ, ತಗಡಿನ ಶೆಡ್ಡಿನಲ್ಲಿ, ಒಂದು ಕಂಪ್ಯೂಟರು, ಒಂದು ಪ್ರಿಂಟರು ಇಟ್ಟುಕೊಂಡು ಅರ್ಜಿ ಬರೆದುಕೊಡುವುದು ನನ್ನ ಕಸುಬು. ಪಹಣಿಯಲ್ಲಿ ತಪ್ಪಿದ ಹೆಸರು, ರೇಷನ್ ಕಾರ್ಡಿನಲ್ಲಿ ಸತ್ತವರು, ಬದುಕಿದ್ದೂ ಪಿಂಚಣಿ ಪಟ್ಟಿಯಲ್ಲಿ ಸತ್ತವರು, ಎಲ್ಲರಿಗೂ ನನ್ನ ಬೆರಳುಗಳೇ ಗತಿ. ನನ್ನ ಟೇಬಲ್ಲಿನ ಮೇಲೆ ದಪ್ಪ ಅಕ್ಷರದ ಒಂದು ಬೋರ್ಡೂ ಇದೆ: ‘ಓದದೆ ಸಹಿ ಮಾಡಬೇಡಿ.’

ಆ ಬೋರ್ಡನ್ನು ಈಗ ನನ್ನ ಕಡೆಗೆ ತಿರುಗಿಸಿ ಇಟ್ಟಿದ್ದೇನೆ. ಯಾಕೆ ಎಂಬುದನ್ನು ಈ ಮೂಲಕ ಸಮಸ್ತರ ಗಮನಕ್ಕೆ ತರಬಯಸುತ್ತೇನೆ.

ನಮ್ಮ ಮಾವನವರು ಇಟಗಿಯವರು. ಅವರಿಗೆ ನಾಲ್ಕು ಜನ ಹೆಣ್ಣುಮಕ್ಕಳು. ದೊಡ್ಡವಳು ನಿರ್ಮಲಾ ಗಂಗಾವತಿಗೆ, ಎರಡನೆಯವಳು ಶಾಂತಾ ಕೊಪ್ಪಳಕ್ಕೆ, ಅಂದರೆ ನನಗೆ, ಮೂರನೆಯವಳು ಭಾರತಿ ಕುಷ್ಟಗಿಗೆ, ಕೊನೆಯವಳು ಸವಿತಾ ಯಲಬುರ್ಗಾಕ್ಕೆ. ತಾಲ್ಲೂಕಿಗೊಬ್ಬ ಅಳಿಯನನ್ನು ನೇಮಿಸಿ ಮಾವನವರು ನಿಶ್ಚಿಂತರಾಗಿದ್ದರು. ಆದರೆ ಅಕ್ಕತಂಗಿಯರಿಗೆ ನಿಶ್ಚಿಂತೆ ಇರಲಿಲ್ಲ. ಸವಿತಾ ಮದುವೆಯಾಗಿ ಎಂಟು ವರ್ಷಗಳ ಮೇಲೆ ಬಸುರಿಯಾಗಿದ್ದಳು. ಹಿಂದೆ ಎರಡು ಸಲ ನಿಂತಿರಲಿಲ್ಲ. ಈ ಸಲ ಡಾಕ್ಟರು, ‘ಹೆರಿಗೆಯಾಗುವ ತನಕ ಹಾಸಿಗೆ ಬಿಟ್ಟು ಏಳಕೂಡದು’ ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ದಿನವಿಡೀ ಗೋಡೆ ನೋಡುತ್ತ ಮಲಗಿದ ಹುಡುಗಿಗೆ ತಲೆಯಲ್ಲಿ ಬರೀ ಕೆಟ್ಟ ಯೋಚನೆ. ಅಕ್ಕಂದಿರು ಫೋನು ಮಾಡಿದರೆ ಸವಿತಾಳ ಅತ್ತೆ, “ಯಾರ ಜೋಡಿ ಅಷ್ಟೊತ್ತು ಮಾತು? ನಮ್ಮ ಮನಿ ಸುದ್ದಿ ಏನೇನ ಹೇಳಾಕತ್ತೀ?” ಎಂದು ಬಾಗಿಲಲ್ಲೇ ನಿಲ್ಲುತ್ತಿದ್ದರು.

ಆಗ ಸವಿತಾಳ ಗಂಡ ಒಂದು ಉಪಾಯ ಮಾಡಿದ. ನಾಲ್ವರ ಮೊಬೈಲಿಗೂ ಒಂದು ಬಂದೂಕಿನ ಆಟ ಹಾಕಿಕೊಟ್ಟ! ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ. ಸಿಕ್ಕ ಬಂದೂಕು ಹಿಡಿದು ಒಬ್ಬರನ್ನೊಬ್ಬರು ಹೊಡೆಯುತ್ತಾರೆ. ಕೊನೆಗೆ ಉಳಿದವರು ಗೆದ್ದಂತೆ. ನಾಲ್ವರು ಒಂದು ತಂಡವಾಗಿ ಆಡಬಹುದು, ಆಡುತ್ತ ತಮ್ಮತಮ್ಮಲ್ಲೇ ಮಾತಾಡಬಹುದು. ಬಂದೂಕು ಹಿಡಿದು ಮಲಗಿದ ಸೊಸೆಯನ್ನು ಯಾವ ಅತ್ತೆಯೂ ಏನೂ ಕೇಳುವುದಿಲ್ಲ.

ಅಂದಿನಿಂದ ಮಧ್ಯಾಹ್ನ ಮೂರರಿಂದ ನಾಲ್ಕು ಗಂಟೆ ಅವರ ಹೊತ್ತು. ಯುದ್ಧ ಎಂದು ತಿಳಿಯಬೇಡಿ. ನಾಲ್ವರೂ ದ್ವೀಪಕ್ಕೆ ಇಳಿದವರೇ ಒಂದು ಮಹಡಿ ಮನೆ ಹುಡುಕಿ, ಮೇಲೆ ಹತ್ತಿ, ಬಾಗಿಲು ಹಾಕಿಕೊಂಡು ಕೂತುಬಿಡುತ್ತಿದ್ದರು. ಆಮೇಲೆ ಶುರು.

“ಭಾರತಿ, ಕೆಂಪ ಖಾರಕ್ಕ ಈ ಸಲ ಎಷ್ಟ ಮೆಣಸಿನಕಾಯಿ ತಂದೀ ಬೇ?”

“ತಡಿಯಕ್ಕಾ, ಯಾವನೋ ಮೆಟ್ಟಲಾ ಏರಾಕತ್ತಾನ.”

ಢಂ!

“ಹಾಂ, ಈಗ ಹೇಳು. ಬ್ಯಾಡಗಿದೋ, ಗುಂಟೂರದ್ದೋ?”

ಆ ‘ಢಂ’ ನನ್ನ ಹೆಂಡತಿಯದು. ಬಾಗಿಲು ಕಾಯುವ ಕೆಲಸ ಶಾಂತಾಳದು. ಅವಳಾಗಿ ಯಾರ ತಂಟೆಗೂ ಹೋದವಳಲ್ಲ. ಅಕ್ಕತಂಗಿಯರ ಮಾತಿನ ನಡುವೆ ಬಂದವನನ್ನು ಮಾತ್ರ ಬಿಡುತ್ತಿರಲಿಲ್ಲ. ಬಾಗಿಲಿನಿಂದ ಕಣ್ಣು ತೆಗೆಯದೆ, ಕೈ ನಡುಗದೆ, ಒಂದೇ ಗುಂಡು. ಹೀಗೆ ಬರೀ ಮಾತಾಡುತ್ತ ಕೂತು ಇವರ ತಂಡ ಮೇಲಿನ ದರ್ಜೆಗೆ ಏರಿಬಿಟ್ಟಿತ್ತು! ಸವಿತಾಳ ದನಿಯಲ್ಲಿ ನಗು ಮರಳಿತ್ತು. “ಶಾಂತಕ್ಕ ಬಾಗಲದಾಗ ಕುಂತಳು ಅಂದ್ರ ನನಗ ಯಾವ ಅಂಜಿಕಿನೂ ಇಲ್ಲ ನೋಡ” ಎಂದು ಅವಳು ದಿನಾ ಹೇಳುವುದನ್ನು ನಾನೇ ಕೇಳಿದ್ದೇನೆ.

ಇನ್ನು ಗಂಡಸರ ವಿಷಯ. ನಾವು ನಾಲ್ಕು ಜನ ಷಡ್ಡಕರೂ ಒಂದು ತಂಡ ಮಾಡಿಕೊಂಡಿದ್ದೆವು. ನಮ್ಮದು ಐತವಾರದ ಆಟ. ನನ್ನ ಖಾತೆಯ ಹೆಸರು ‘ಕೊಪ್ಪಳ ಹುಲಿ.’ ಹೆಸರನ್ನು ನಾನೇ ಇಟ್ಟುಕೊಂಡದ್ದು. ಈ ಹುಲಿ ವಿಮಾನದಿಂದ ಹಾರಿದರೆ ಒಂದೋ ನೀರಿನಲ್ಲಿ ಬೀಳುತ್ತಿತ್ತು, ಇಲ್ಲವೇ ಬಂದೂಕು ಹಿಡಿದವನ ಕಾಲ ಬುಡದಲ್ಲೇ ಇಳಿಯುತ್ತಿತ್ತು. ನನ್ನ ಸರಾಸರಿ ಆಯುಷ್ಯ ನಲವತ್ತು ಸೆಕೆಂಡು.

ಕುಷ್ಟಗಿಯ ಷಡ್ಡಕ ಶರಣಪ್ಪನದು ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಸಣ್ಣವನು. ಬಾಯಿ ಮಾತ್ರ ಹತ್ತು ವರ್ಷ ದೊಡ್ಡದು.

“ಅಣ್ಣಾರ, ಇಳಿಯೂದರಾಗ ಸತ್ರಲ್ರಿ! ಗುಂಡ ಹೊಡದ್ರೋ, ಇಲ್ಲಾ ಅಂಜಿ ಸತ್ರೋ?”

“ನೆಟ್‌ವರ್ಕ್ ಇರಲಿಲ್ಲಪಾ” ಎಂದೆ.

“ನೆಟ್‌ವರ್ಕ್ ಛಲೋ ಇದ್ದಾಗನೂ ಸತ್ತೀರಿ. ಒಂದ ಕೆಲಸ ಮಾಡ್ರಿ. ಮುಂದಿನ ಐತಾರ ನಿಮ್ಮ ಬದ್ಲಿ ಶಾಂತಕ್ಕನ್ನ ಕೂಡಸ್ರಿ. ನಾವೂ ಒಮ್ಮೆರೆ ಗೆಲ್ಲೂಣು!”

ಉಳಿದಿಬ್ಬರೂ ನಕ್ಕರು. ನನ್ನ ಮೈ ಉರಿದುಹೋಯಿತು. ಇಪ್ಪತ್ತೆರಡು ವರ್ಷ ಜಿಲ್ಲೆಗೆ ಅರ್ಜಿ ಬರೆದುಕೊಟ್ಟ ಮನುಷ್ಯನಿಗೆ ಈ ಮಾತೇ? ಮುಂದಿನ ಐತವಾರದೊಳಗೆ ಇವರ ಬಾಯಿ ಮುಚ್ಚಿಸದಿದ್ದರೆ ನನ್ನ ಹೆಸರು ಮಲ್ಲಿಕಾರ್ಜುನನೇ ಅಲ್ಲ ಎಂದುಕೊಂಡೆ.

ಮರುದಿನ ಶೆಡ್ಡಿನಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಮೊಬೈಲಿನಲ್ಲಿ ಹುಡುಕಿದೆ. ಒಂದು ವಿಡಿಯೋದಲ್ಲಿ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡ ಒಬ್ಬ ಮಹಾನುಭಾವ ಪ್ರತ್ಯಕ್ಷನಾದ. ಕಂಪನಿಯವರ ಆಟವನ್ನು ಒಳಗೊಳಗೇ ತಿದ್ದಿದ ‘ಮಾಡ್ ಫೈಲ್’ ಅವನಲ್ಲಿ ಇದೆಯಂತೆ. ಅದನ್ನು ಹಾಕಿಕೊಂಡರೆ ಗೋಡೆಯಾಚೆ ಅಡಗಿದವರೂ ಕೆಂಪಗೆ ಕಾಣುತ್ತಾರಂತೆ. ಗುಂಡು ತಾನೇ ಹುಡುಕಿಕೊಂಡು ಹೋಗಿ ತಲೆಗೆ ಬೀಳುತ್ತದಂತೆ. ‘ನೂರಕ್ಕೆ ನೂರು ಸುರಕ್ಷಿತ, ಖಾತೆ ಬಂದಾಗುವುದೇ ಇಲ್ಲ’ ಎಂದ. ಕೊನೆಯಲ್ಲಿ ಅವಸರದಿಂದ, ‘ಏನಾದರೂ ಆದರೆ ನಾನು ಜವಾಬ್ದಾರನಲ್ಲ’ ಎಂದೂ ಸೇರಿಸಿದ. ಬೇರೆಯವರ ಕರಾರು ಪತ್ರದಲ್ಲಿ ಇಂಥ ಸಾಲು ಕಂಡರೆ ನಾನು ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತೇನೆ. ಅಂದು ಮಾತ್ರ ಮುಖ ಮುಚ್ಚಿಕೊಂಡವನ ಮಾತು ನನಗೆ ವೇದವಾಯಿತು!

ಹಾಗೆಂದು ನಾನೇನು ದಡ್ಡನೇ? ಮುನ್ನೆಚ್ಚರಿಕೆ ಇಲ್ಲದೆ ನಾನು ಒಂದು ಅಕ್ಷರ ಬರೆದವನಲ್ಲ. ಛಾಪಾ ಕಾಗದದ ಮೇಲೆ ಬರೆಯುವ ಮೊದಲು ಕಚ್ಚಾ ಹಾಳೆಯ ಮೇಲೆ ಬರೆದು ನೋಡುವುದು ನಮ್ಮ ಕಸುಬಿನ ಮೊದಲ ಪಾಠ. ಕಚ್ಚಾ ಹಾಳೆ ಕೆಟ್ಟರೆ ಹರಿದು ಒಗೆಯಬಹುದು. ಆದ್ದರಿಂದ ಈ ಫೈಲನ್ನೂ ನನ್ನ ಫೋನಿಗೆ ಹಾಕುವ ಮೊದಲು ಬೇರೊಂದರಲ್ಲಿ ಪರೀಕ್ಷಿಸಲು ತೀರ್ಮಾನಿಸಿದೆ.

ಮನೆಯಲ್ಲಿ ಇದ್ದದ್ದು ಎರಡೇ ಫೋನು. ಕಚ್ಚಾ ಹಾಳೆ ಯಾವುದಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಬುಧವಾರ ಬೆಳಿಗ್ಗೆ ಶಾಂತಾ ಜೋಳ ಬೀಸಿಸಲು ಗಿರಣಿಗೆ ಹೋದಳು. ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟಿದ್ದಳು. ನಾನು ಫೈಲನ್ನು ಇಳಿಸಿದೆ. ಫೋನು ಅಡ್ಡ ಬಂದು, ‘ಈ ಫೈಲ್ ನಿಮ್ಮ ಸಾಧನಕ್ಕೆ ಹಾನಿ ಮಾಡಬಹುದು’ ಎಂದಿತು. ‘ಅನುಮತಿಸು’ ಒತ್ತಿದೆ. ಸಂಪರ್ಕಗಳ ಪಟ್ಟಿ ನೋಡಬಹುದೇ ಎಂದಿತು. ಅನುಮತಿಸು. ಸಂದೇಶ ಕಳಿಸಬಹುದೇ? ಅನುಮತಿಸು! ಹೀಗೆ ಹದಿನಾಲ್ಕು ಸಲ. ಬಂದೂಕು ಹೊಡೆಯುವ ಆಟಕ್ಕೆ ನನ್ನ ಹೆಂಡತಿಯ ಬಳೆ ಅಂಗಡಿಯವಳ ನಂಬರು ಯಾಕೆ ಬೇಕು ಎಂಬ ಪ್ರಶ್ನೆ ಈಗ ಹೊಳೆಯುತ್ತದೆ. ಆಗ ಹೊಳೆಯಲಿಲ್ಲ. ಒಂದನ್ನೂ ಓದಲಿಲ್ಲ, ಹದಿನಾಲ್ಕಕ್ಕೂ ಸಹಿ ಮಾಡಿದೆ.

ಆಟ ಶುರುವಾಯಿತು. ಏನು ಹೇಳಲಿ! ದ್ವೀಪದ ಮನೆಗಳ ಗೋಡೆಗಳೆಲ್ಲ ಗಾಜಾದವು. ಒಳಗೆ ಕೂತವರು, ನಿಂತವರು, ಹಾಸಿಗೆಯ ಹಿಂದೆ ಅಡಗಿದವರು, ಎಲ್ಲರೂ ಕೆಂಪಗೆ ಹೊಳೆಯತೊಡಗಿದರು. ನಾನು ಆಕಾಶದತ್ತ ಗುಂಡು ಹಾರಿಸಿದರೂ ಅದು ತಿರುಗಿ ಬಂದು ಯಾರದೋ ತಲೆಗೆ ಬೀಳುತ್ತಿತ್ತು. ಒಂದು, ಎರಡು, ಐದು, ಒಂಬತ್ತು! ಜೀವಮಾನದಲ್ಲಿ ಮೊದಲ ಬಾರಿಗೆ ನಾನು ನಲವತ್ತು ಸೆಕೆಂಡು ದಾಟಿ ಬದುಕಿದ್ದೆ. ಮನಸ್ಸಿನಲ್ಲಿ ಪ್ರತಿಯೊಂದು ತಲೆಗೂ ಶರಣಪ್ಪನ ಮುಖ ಇಟ್ಟು ಹೊಡೆದೆ. ಎದ್ದು ನಿಂತು ಕುಣಿದದ್ದೂ ಉಂಟು.

ಹತ್ತನೆಯವನಿಗೆ ಗುರಿ ಇಟ್ಟಿದ್ದೆ. ಪರದೆ ಕಪ್ಪಾಯಿತು. ನಡುವೆ ನಾಲ್ಕು ಸಾಲು ಇಂಗ್ಲಿಷು. ತಾತ್ಪರ್ಯ ಇಷ್ಟು: ಅನಧಿಕೃತ ಸಾಫ್ಟ್‌ವೇರ್ ಬಳಸಿದ್ದರಿಂದ ಈ ಖಾತೆಯನ್ನು ಹತ್ತು ವರ್ಷಗಳ ಕಾಲ ನಿರ್ಬಂಧಿಸಲಾಗಿದೆ. ಈ ಫೋನಿನಿಂದ ಬೇರೆ ಖಾತೆ ತೆರೆಯುವುದನ್ನೂ ನಿರ್ಬಂಧಿಸಲಾಗಿದೆ.

ಹತ್ತು ವರ್ಷ! ನಮ್ಮ ಕಡೆ ಕಲ್ಲುಗಣಿಯಿಂದ ಲಾರಿಗಟ್ಟಲೆ ಕಲ್ಲು ಕದ್ದವನು ವಾರದೊಳಗೆ ಜಾಮೀನಿನ ಮೇಲೆ ಹೊರಗೆ ಬಂದು ಚಹಾ ಕುಡಿಯುತ್ತಾನೆ. ಒಂಬತ್ತು ಸುಳ್ಳು ಮನುಷ್ಯರನ್ನು ಸುಳ್ಳು ಗುಂಡಿನಿಂದ ಹೊಡೆದದ್ದಕ್ಕೆ ಹತ್ತು ವರ್ಷವೇ? ನೋಟಿಸಿಲ್ಲ, ವಿಚಾರಣೆಯಿಲ್ಲ, ‘ನಿನ್ನ ಸಮಜಾಯಿಷಿ ಏನು’ ಎಂದು ಕೇಳುವ ಸೌಜನ್ಯವಿಲ್ಲ! ಸಿಟ್ಟಿನಿಂದ ನನ್ನ ಕೈ ನಡುಗತೊಡಗಿತು. ಅಷ್ಟರಲ್ಲಿ ಕೈಯೊಳಗಿನ ಫೋನೂ ತನ್ನಷ್ಟಕ್ಕೆ ನಡುಗತೊಡಗಿತು.

ಟಿಣ್. ಟಿಣ್. ಟಿಣ್ ಟಿಣ್ ಟಿಣ್.

ಶಾಂತಾಳ ಫೋನಿನಿಂದ, ಶಾಂತಾಳ ಹೆಸರಿನಲ್ಲಿ, ಶಾಂತಾಳ ಪಟ್ಟಿಯಲ್ಲಿದ್ದ ಎಲ್ಲರಿಗೂ ಒಂದು ಸಂದೇಶ ಹೋಗುತ್ತಿತ್ತು: ‘ಹಾಯ್ ಡಿಯರ್, ನನ್ನ ಹೊಸ ಫೋಟೋ ನೋಡಲು ಇಲ್ಲಿ ಒತ್ತಿ.’ ಗ್ಯಾಸ್ ಸಿಲಿಂಡರಿನವನಿಗೆ ಹೋಯಿತು. ಬಳೆ ಅಂಗಡಿಯವಳಿಗೆ ಹೋಯಿತು. ಸ್ತ್ರೀಶಕ್ತಿ ಸಂಘದ ಹದಿನೆಂಟು ಸದಸ್ಯೆಯರಿಗೂ ಹೋಯಿತು. ನಾನು ಫೋನನ್ನು ಬಂದ್ ಮಾಡಲು ಗುಂಡಿ ಒತ್ತಿದೆ, ಆಗಲಿಲ್ಲ. ಜೋಳದ ಹಿಟ್ಟಿನ ಡಬ್ಬಿಯೊಳಗೆ ಹೂತಿಟ್ಟೆ. ಅಲ್ಲಿಂದಲೂ ಟಿಣ್ ಎಂದಿತು!

ನನ್ನ ಫೋನು ಹೊಡೆದುಕೊಂಡಿತು. ಇಟಗಿಯಿಂದ ಮಾವನವರು.

“ಅಳಿಯಂದ್ರ, ಶಾಂತಾ ಆರಾಮ ಅದಾಳೇನ್ರಿ?”

“ಆರಾಮ ಅದಾಳ್ರಿ ಮಾವಾರ. ಯಾಕ್ರಿ?”

“ಏನಿಲ್ಲ, ನನಗ ‘ಡಿಯರ್’ ಅಂತ ಬರದಾಳ. ಫೋಟೋ ನೋಡು ಅಂದಾಳ. ನಾ ಒತ್ತಿದೆ. ಈಗ ನನ್ನ ಫೋನದಾಗ ಬರೇ ಪತ್ತೆ ಎಲಿ ಬರಾಕತ್ತಾವು. ರಮ್ಮಿ ಆಡ ಅಂತಾವು. ಈ ವಯಸ್ಸಿನ್ಯಾಗ ನಾ ರಮ್ಮಿ ಆಡ್ಲೇನ್ರಿ?”

ನಾನು ಫೋನಿಡುವಷ್ಟರಲ್ಲಿ ಶಾಂತಾ ಹಿಟ್ಟಿನ ಬುಟ್ಟಿ ಹೊತ್ತು ಬಾಗಿಲಿಗೆ ಬಂದಳು. ಅವಳ ಹಿಂದೆ ಸ್ತ್ರೀಶಕ್ತಿ ಸಂಘದ ನಾಲ್ವರು ಸದಸ್ಯೆಯರು ತಮ್ಮ ತಮ್ಮ ಫೋನು ಹಿಡಿದುಕೊಂಡು ಬಂದಿದ್ದರು.

ವಿವರ ಬೇಡ. ಸಂಜೆಯೊಳಗೆ ಮೊಬೈಲ್ ರಿಪೇರಿಯವನು ಶಾಂತಾಳ ಫೋನನ್ನು ಪೂರ್ತಿ ತೊಳೆದುಕೊಟ್ಟ. ಡಿಯರ್ ನಿಂತಿತು. ಆದರೆ ಆಟ ಬರಲಿಲ್ಲ. ಆ ಫೋನಿನಲ್ಲಿ ಅದು ಇನ್ನು ಹತ್ತು ವರ್ಷ ಬರುವುದಿಲ್ಲ.

ಗುರುವಾರ ಮೂರು ಗಂಟೆಗೆ ನಾನು ಊಟಕ್ಕೆ ಬಂದಾಗ ಶಾಂತಾ ಅಡುಗೆಮನೆಯಲ್ಲಿ ಗೋಡೆಗೊರಗಿ ಕೂತಿದ್ದಳು. ತೊಡೆಯ ಮೇಲೆ ಆ ಫೋನು ಇತ್ತು. ಸವಿತಾ ಯಲಬುರ್ಗಾದಿಂದ ಕರೆ ಮಾಡಿ ಪಿಸುದನಿಯಲ್ಲಿ ಅಳುತ್ತಿದ್ದಳು.

“ಯಕ್ಕಾ, ನಿನ್ನ ಬದ್ಲಿ ಯಾವನೋ ಗಂಡಸನ್ನ ಆಟಾ ತಾನಾ ನಮ್ಮ ತಂಡಕ್ಕ ಸೇರಿಸೇತಿ. ಬಾಗಲಾ ಹಾಕಂಗಿಲ್ಲ, ಏನಿಲ್ಲ, ಸುಮ್ನ ಕುಂತ ನಮ್ಮ ಮಾತ ಕೇಳತಾನ. ಅವನ ಮುಂದ ಹೆಂಗ ಬ್ಯಾನಿ ಸುದ್ದಿ ಮಾತಾಡ್ಲಿ? ನಿನ್ನಿ ರಾತ್ರೆಲ್ಲಾ ಹೊಟ್ಟಿ ಬಿಗದಿತ್ತು. ಯಾರ ಮುಂದ ಹೇಳ್ಲಿ?”

“ಅಂಜಬ್ಯಾಡವ್ವಾ. ನಾ ಏನರೆ ಮಾಡ್ತೀನಿ” ಎಂದು ಶಾಂತಾ ಫೋನಿಟ್ಟಳು. ಆಮೇಲೆ ನನ್ನತ್ತ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಶಾಂತಾ, ನಾ ಅರ್ಜಿ ಬರೀತೀನಿ” ಎಂದೆ. “ನನ್ನ ಅರ್ಜಿ ಇವತ್ತಿನ ತನಕ ಹಿಂದ ಬಂದಿಲ್ಲ.”

“ಬರೀರಿ ನೋಡೂಣು” ಎಂದಳು.

ಕಂಪನಿಯ ಜಾಲತಾಣದಲ್ಲಿ ಮೇಲ್ಮನವಿಗೆಂದು ಒಂದು ಸಣ್ಣ ಚೌಕ ಕೊಟ್ಟಿದ್ದರು. ನಾನು ಕೈ ತೊಳೆದು ಕೂತೆ. ‘ಇವರಿಗೆ, ಮಾನ್ಯ ಪ್ರಧಾನ ವ್ಯವಸ್ಥಾಪಕರವರ ಸನ್ನಿಧಿಗೆ. ಇಂದ, ಅರ್ಜಿದಾರ. ವಿಷಯ: ಖಾತೆಯ ಮೇಲಿನ ನಿರ್ಬಂಧವನ್ನು ತೆರವುಗೊಳಿಸುವ ಕುರಿತು. ಉಲ್ಲೇಖ: ತಮ್ಮ ಬುಧವಾರದ ಸಂದೇಶ. ಮಾನ್ಯರೇ, ಈ ಮೇಲ್ಕಾಣಿಸಿದ ವಿಷಯ ಹಾಗೂ ಉಲ್ಲೇಖಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಯಪೂರ್ವಕವಾಗಿ ಪ್ರಾರ್ಥಿಸಿಕೊಳ್ಳುವುದೇನೆಂದರೆ’

ಚೌಕ ತುಂಬಿತು! ಒಂದು ಅಕ್ಷರವೂ ಹೆಚ್ಚು ಹಿಡಿಯುವುದಿಲ್ಲ ಎಂದಿತು. ಪ್ರಾರ್ಥಿಸಿಕೊಳ್ಳುವುದು ಏನೆಂದು ಹೇಳುವ ಮೊದಲೇ ಜಾಗ ಮುಗಿಸುವ ಕಚೇರಿಯನ್ನು ನಾನು ಇದೇ ಮೊದಲು ನೋಡಿದ್ದು. ಇರಲಿ, ಬುದ್ಧಿವಂತರು ಅರ್ಥ ಮಾಡಿಕೊಳ್ಳುತ್ತಾರೆ ಎಂದು ಕಳಿಸಿದೆ. ಉತ್ತರ ಏಳು ಸೆಕೆಂಡಿನಲ್ಲಿ ಬಂತು. ತಿರಸ್ಕರಿಸಲಾಗಿದೆ!

ಏಳು ಸೆಕೆಂಡು! ನೀವೇ ಹೇಳಿ, ಇದು ಕಚೇರಿಯೇ? ಅರ್ಜಿ ಎಂದ ಮೇಲೆ ಅದು ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗಬೇಕು. ಸಾಹೇಬರು ರಜೆಯಲ್ಲಿರಬೇಕು. ಕಡತ ಕಾಣೆಯಾಗಿ ಮತ್ತೆ ಸಿಗಬೇಕು. ಅರ್ಜಿದಾರನಿಗೆ ಹತ್ತು ಸಲವಾದರೂ ‘ನಾಳೆ ಬರ್ರಿ’ ಎನ್ನಬೇಕು. ಅಷ್ಟಾದ ಮೇಲೆ ತಿರಸ್ಕರಿಸಿದರೆ ಮನುಷ್ಯನಿಗೆ ಒಂದು ಸಮಾಧಾನ. ಓದದೆ ಸಹಿ ಮಾಡುವವರನ್ನು ನೋಡಿದ್ದೆ, ಓದದೆ ತಿರಸ್ಕರಿಸುವವರನ್ನು ಕಂಡು ನನ್ನ ರಕ್ತ ಕುದಿಯಿತು.

ಎರಡನೆಯ ಅರ್ಜಿಯನ್ನು ಛಾಪಾ ಕಾಗದದ ಮೇಲೆ ಪ್ರಮಾಣಪತ್ರವಾಗಿಯೇ ಮಾಡಿದೆ. ನೋಟರಿಯವರ ಮುದ್ರೆ ಹಾಕಿಸಿದೆ. ವಾಸಸ್ಥಳದ ದೃಢೀಕರಣ ಲಗತ್ತಿಸಿದೆ. ಎಲ್ಲದರ ಫೋಟೋ ತೆಗೆದು ಕಳಿಸಿ ಎದೆಯ ಮೇಲೆ ಕೈ ಕಟ್ಟಿಕೊಂಡು ಕಾದೆ. ಈ ಸಲವೂ ಏಳು ಸೆಕೆಂಡು. ಈ ಸಲವೂ ತಿರಸ್ಕಾರ. ಮುದ್ರೆಯನ್ನು ನೋಡುವ ಮರ್ಯಾದೆಯನ್ನೂ ತೋರಿಸಲಿಲ್ಲ ಆ ಜನ!

ನಾನು ಬರೆದ ಪ್ರತಿ ಅರ್ಜಿಯ ಒಂದು ಕಚೇರಿ ಪ್ರತಿಯನ್ನು ಫೈಲಿನಲ್ಲಿ ಇಟ್ಟುಕೊಳ್ಳುವುದು ನನ್ನ ಅಭ್ಯಾಸ. ಮನೆಯ ಮೇಜಿನ ಮೇಲಿದ್ದ ಆ ಪ್ರತಿಯನ್ನು ಶಾಂತಾ ಓದಿದಳು. ಗಟ್ಟಿಯಾಗಿಯೇ ಓದಿದಳು.

“‘ಸದರಿ ನನ್ನ ಪತ್ನಿಯು ಅನಕ್ಷರಸ್ಥಳೂ, ವ್ಯವಹಾರ ಜ್ಞಾನವಿಲ್ಲದವಳೂ ಆಗಿದ್ದು, ತಿಳಿವಳಿಕೆಯ ಕೊರತೆಯಿಂದ ಕೈತಪ್ಪಿ ಸದರಿ ಫೈಲನ್ನು ಒತ್ತಿರುತ್ತಾಳೆ...’ ಏನ್ರಿ ಇದು?”

ದೇವರಾಣೆ, ಬೇಕೆಂದು ಬರೆದದ್ದಲ್ಲ. ಇಪ್ಪತ್ತೆರಡು ವರ್ಷಗಳಿಂದ ಎಲ್ಲರ ಅರ್ಜಿಗೂ ಹಾಕುವ ಸಾಲು ಅದು. ಬೆರಳು ತಾನೇ ಟೈಪು ಮಾಡಿಬಿಡುತ್ತದೆ. ಸಾಹೇಬರಿಗೆ ಕರುಣೆ ಬರಲಿ ಎಂದು ಹಾಕುವುದು.

“ಅದು ನಮೂನಿ, ಶಾಂತಾ. ಎಲ್ಲಾರಿಗೂ ಹಂಗ ಬರೀತೀವಿ.”

“ಪಿಯುಸಿದಾಗ ನಾ ಫಸ್ಟ್ ಕ್ಲಾಸ್. ನೀವು ಎರಡ ಸಲ ಕುಂತ್ರಿ. ಅನಕ್ಷರಸ್ಥಳು ನಾ ಏನು? ಫೈಲ್ ಒತ್ತಿದವರು ನಾ ಏನು? ನೀವ ತಪ್ಪ ಮಾಡಿ, ಅದನ್ನ ನನ್ನ ಹೆಸರಿಲೆ ಬರದು, ಮ್ಯಾಲೆ ಮುದ್ರಿ ಬ್ಯಾರೆ ಹೊಡಿಸೀರಲ್ರಿ!”

ನಾಚಿಕೆಯಾಯಿತು. ಬೇರೆಯವರ ಕಷ್ಟವನ್ನು ನಮೂನೆಯಲ್ಲಿ ಬರೆದೂ ಬರೆದೂ, ನನ್ನ ಹೆಂಡತಿಯನ್ನೇ ನಮೂನೆಗೆ ತುಂಬಿಬಿಟ್ಟಿದ್ದೆ.

“ತರ್ರಿ ಇಲ್ಲೆ” ಎಂದಳು ಕೈ ಚಾಚಿ.

“ಏನು?”

“ನಿಮ್ಮ ಫೋನು. ನಿಮ್ಮ ಹುಲಿ.”

ಅಂದಿನಿಂದ ಮೂರರಿಂದ ನಾಲ್ಕು ಗಂಟೆಯವರೆಗೆ ನನ್ನ ಫೋನು ನನ್ನದಲ್ಲ. ‘ಕೊಪ್ಪಳ ಹುಲಿ’ ಮಹಡಿ ಮನೆಯ ಬಾಗಿಲಲ್ಲಿ ಬಂದೂಕು ಹಿಡಿದು ಕೂರತೊಡಗಿತು. ಯಲಬುರ್ಗಾದಲ್ಲಿ ಸವಿತಾ ಮತ್ತೆ ನಗತೊಡಗಿದಳು. ಹುಲಿಯೊಳಗೆ ಯಾರಿದ್ದಾರೆ ಎಂಬುದನ್ನು ಅಕ್ಕತಂಗಿಯರು ತಮ್ಮ ಗಂಡಂದಿರಿಗೂ ಹೇಳಿರಲಿಲ್ಲ. ಅಷ್ಟಕ್ಕೇ ನಾನು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಹತ್ತನೆಯ ದಿನ ಶರಣಪ್ಪನ ಫೋನು ಬಂತು.

“ಅಣ್ಣಾರ! ಎರಡ ಐತಾರ ಆಟಕ್ಕ ಬರ್ಲಿಲ್ಲ, ಸಿಟ್ಟಾಗ್ಯಾರೇನೋ ಅನಕೊಂಡೆ. ಈಗ ನಿಮ್ಮ ಹುಲಿ ಲೆಕ್ಕ ನೋಡಿದೆ. ಏನ್ ಹೊಡದೀರಿ! ಒಂದ ಗುಂಡಿಗೆ ಒಬ್ಬ! ಎಲ್ಲೆ ಕಲತ್ರಿ?”

ಅದು ನಾನಲ್ಲ ಎಂದು ಹೇಳಬಹುದಿತ್ತು. ಹೇಳಬೇಕಾಗಿತ್ತು. ನಾನು ಗಂಟಲು ಸರಿಪಡಿಸಿಕೊಂಡು, “ಎಲ್ಲಾ ಸಾಧನಾ, ಶರಣಪ್ಪಾ. ಮನಸ್ಸ ಒಂದ ಕಡೆ ಇರಬೇಕು” ಎಂದೆ! ಗಂಗಾವತಿಯ ಷಡ್ಡಕರೂ ಫೋನು ಮಾಡಿ ಹೊಗಳಿದರು. ಅವರಿಗೂ ಉಪದೇಶ ಕೊಟ್ಟೆ. ಉಸಿರು ಬಿಗಿಹಿಡಿದು ಗುರಿ ಇಡಬೇಕು ಎಂದೆ. ಶಾಂತಾ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ರೊಟ್ಟಿ ಬಡಿಯುವ ಸಪ್ಪಳ ಸ್ವಲ್ಪ ಜೋರಾಯಿತು.

ನಾಲ್ಕು ದಿನ ಕಳೆಯುವುದರೊಳಗೆ ಶರಣಪ್ಪನಿಗೆ ಸಂಶಯ ಹುಟ್ಟಿತು.

“ಅಣ್ಣಾರ, ಖರೇ ಹೇಳ್ರಿ. ಮತ್ತ ಮಾಡ್ ಹಾಕೀರಿ ಹೌದಿಲ್ಲೋ?”

“ಏನ್ ಮಾತಂತ ಆಡ್ತೀ!”

“ನೀರಾಗ ಬಿದ್ದ ಸಾಯೋ ಮನಷ್ಯಾ ಎರಡ ವಾರದಾಗ ಹುಲಿ ಆಗಾಕ ಬರತೈತೇನ್ರಿ? ಒಮ್ಮಿ ಅಕ್ಕನ ಖಾತೆ ಕಳದೀರಿ. ಬುದ್ಧಿ ಬರ್ಲಿಲ್ಲ ನಿಮಗ. ನಾವು ಮೂರೂ ಮಂದಿ ಕಂಪನಿಗೆ ದೂರ ಕೊಟ್ಟೀವಿ. ನಿಮ್ಮ ಛಲೋದಕ್ಕ!”

ನನ್ನ ಸ್ವಂತ ಷಡ್ಡಕರು! ಒಂದೇ ಮನೆಯ ಅಳಿಯಂದಿರು! ನಾನು ಪ್ರಾಮಾಣಿಕವಾಗಿ ಏನೂ ಮಾಡದೆ ಕೂತಿರುವಾಗ ನನ್ನ ಮೇಲೆ ದೂರೇ? ಕೂಗಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಫೋನಿನಲ್ಲಿ ಸಂದೇಶ ಬಂದೇಬಿಟ್ಟಿತು. ‘ಕೊಪ್ಪಳ ಹುಲಿ’ ಖಾತೆಯ ಮೇಲೆ ದೂರು ಬಂದಿದೆ, ಖಾತೆಯನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ, ನಿಮ್ಮ ವಿವರಣೆ ನೀಡಿ.

ಮತ್ತೆ ಅದೇ ಸಣ್ಣ ಚೌಕ. ಆಗ ಮಧ್ಯಾಹ್ನ ಎರಡೂವರೆ. ಸವಿತಾಳ ಹೆರಿಗೆಗೆ ಇನ್ನು ಹನ್ನೆರಡು ದಿನವಿತ್ತು. ಈ ಫೋನೂ ಹೋದರೆ ಮನೆಯಲ್ಲಿ ಮೂರನೆಯದಿಲ್ಲ. ಶಾಂತಾ ಬಂದು ಪಕ್ಕದಲ್ಲಿ ಕೂತಳು.

“ಬರೀರಿ” ಎಂದಳು. “ಈ ಸಲ ನಾ ಹೇಳ್ತೀನಿ, ನೀವು ಬರೀರಿ. ಮಾನ್ಯರೇ, ಗೀನ್ಯರೇ ಏನೂ ಬ್ಯಾಡ.”

“ಏನ ಬರೀಲಿ?”

“ಖರೇ ಬರೀರಿ.”

ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಗಿರಾಕಿಯೂ ನನಗೆ ಇಂಥ ಕಷ್ಟದ ಕೆಲಸ ಕೊಟ್ಟಿರಲಿಲ್ಲ. ನಾನು ಹಣೆ ಒರೆಸಿಕೊಂಡೆ. ಶಾಂತಾ ಹೇಳಿದಳು, ನಾನು ಒತ್ತಿದೆ. ‘ಇದರಲ್ಲಿ ಮಾಡ್ ಇಲ್ಲ. ಹಿಂದೆ ಹೆಂಡತಿಯ ಫೋನಿಗೆ ಅದನ್ನು ಹಾಕಿ ಅವಳ ಖಾತೆ ಕಳೆದವನು ನಾನು. ಈಗ ಈ ಖಾತೆಯಲ್ಲಿ ಆಡುತ್ತಿರುವವಳು ಅವಳು. ಅವಳಿಗೆ ಓದು ಬರುತ್ತದೆ, ಗುರಿಯೂ ಬರುತ್ತದೆ. ನನಗೆ ಆಡಲು ಬರುವುದಿಲ್ಲ. ನಂಬಿಕೆಯಿಲ್ಲದಿದ್ದರೆ ನನ್ನ ಹಳೆಯ ಆಟಗಳನ್ನು ತೆಗೆದು ನೋಡಿರಿ.’

“ಕಡೀ ಸಾಲ ಬೇಕೇನ?” ಎಂದೆ.

“ಅದಾ ಸಾಕ್ಷಿ” ಎಂದಳು.

ಚೌಕದಲ್ಲಿ ಇನ್ನೂ ಜಾಗ ಉಳಿದಿತ್ತು. ಕಳಿ‌ಸಿದೆ. ನಾವಿಬ್ಬರೂ ಉಸಿರು ಹಿಡಿದು ಗೋಡೆ ಗಡಿಯಾರ ನೋಡಿದೆವು. ಏಳು ಸೆಕೆಂಡು ದಾಟಿತು. ಒಂದು ನಿಮಿಷವಾಯಿತು. ಹತ್ತು ನಿಮಿಷವಾಯಿತು! ಕೊನೆಗೂ ಯಾರೋ ಒಬ್ಬ ಮನುಷ್ಯ ನನ್ನ ಅರ್ಜಿಯನ್ನು ಕೈಗೆತ್ತಿಕೊಂಡಿದ್ದಾನೆ, ಕಡತ ತೆರೆದಿದ್ದಾನೆ, ಹಳೆಯ ದಾಖಲೆ ತೆಗೆದು ಒಂದೊಂದಾಗಿ ನೋಡುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಇದ್ದರೆ ಇಂಥ ಕಚೇರಿ ಇರಬೇಕು ಎಂದುಕೊಂಡೆ.

ಮೂರಕ್ಕೆ ಐದು ನಿಮಿಷ ಇರುವಾಗ ಉತ್ತರ ಬಂತು. ಮನವಿಯನ್ನು ಅಂಗೀಕರಿಸಲಾಗಿದೆ! ಶಾಂತಾ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು, “ಸವಿತಾ, ಬಂದೆ ನೋಡವ್ವಾ! ಬಾಗಲಾ ನಾ ನೋಡ್ಕೋತೀನಿ, ನೀ ಮ್ಯಾಲೇರು” ಎನ್ನುತ್ತ ಒಳಗೆ ಓಡಿದಳು. ಅವಳ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಗಿತ್ತು, ಅದನ್ನು ಯಾರೂ ನೋಡಲಿಲ್ಲ.

ನಾಲ್ಕು ಗಂಟೆಗೆ ಫೋನು ಮರಳಿ ಸಿಕ್ಕಿತು. ನನ್ನ ಅರ್ಜಿ ಗೆದ್ದ ಆದೇಶವನ್ನು ಪ್ರಿಂಟು ತೆಗೆದು ಶೆಡ್ಡಿನಲ್ಲಿ ಬೋರ್ಡಿನ ಪಕ್ಕ ಅಂಟಿಸೋಣ ಎಂದು ಪೂರ್ತಿ ಓದಿದೆ. ಕೆಳಗೆ ಇನ್ನೂ ಮೂರು ಸಾಲು ಇದ್ದವು. ‘ನೀವು ತಿಳಿಸಿದಂತೆ ನಿಮ್ಮ ಹಳೆಯ ಆಟಗಳನ್ನೆಲ್ಲ ಪರಿಶೀಲಿಸಿದ್ದೇವೆ. ನಿಮ್ಮ ಹೇಳಿಕೆ ಸಂಪೂರ್ಣ ಸತ್ಯವೆಂದು ದೃಢಪಟ್ಟಿದೆ. ನೀವು ಹೊಸಬರ ತರಬೇತಿ ಮೈದಾನದಲ್ಲಿ ಅಭ್ಯಾಸ ಮಾಡಬಹುದು.’

ಆ ಮೈದಾನಕ್ಕೆ ಹೋಗಿಯೂ ನೋಡಿದೆ. ಅಲ್ಲಿ ಹೊಡೆಯುವವರೇ ಇಲ್ಲ, ಬರೀ ಮರದ ಬೊಂಬೆಗಳು. ನಾನು ನೀರಿನಲ್ಲಿ ಬಿದ್ದು ಸತ್ತೆ.